ಸೇನಾಧಿಕಾರಿಯಾಗಲು ವಯಸ್ಸಿನ ಲೆಕ್ಕ ಹಾಕುವ ಕ್ರಮ

ರಾಷ್ಟ್ರೀಯ ರಕ್ಷಣಾ ಅಕಾಡೆಮಿ, ಅಂದರೆ ಎನ್‌ಡಿಎ, ಸೇರಲು 2025ರಲ್ಲಿ ನಡೆದ ಮೊದಲ ಪರೀಕ್ಷೆಗೆ 2006ರ ಜುಲೈ 2ರಂದು ಹುಟ್ಟಿದವರು ಅರ್ಜಿ ಹಾಕಬಹುದಿತ್ತು. ಅದರ ಹಿಂದಿನ ದಿನ, ಅಂದರೆ ಜುಲೈ 1ರಂದು, ಹುಟ್ಟಿದವರು ಹಾಕುವಂತಿರಲಿಲ್ಲ. ಈ ಒಂದು ದಿನದ ಅಂತರವನ್ನು ಯಾವ ಮನವಿಯೂ ಯಾವ ಶಿಫಾರಸೂ ಮುಚ್ಚಲಾರದು. ಓದಿನಲ್ಲಿ, ಓಟದಲ್ಲಿ, ಧೈರ್ಯದಲ್ಲಿ ಎಷ್ಟೇ ಮುಂದಿದ್ದರೂ ಆ ಅಭ್ಯರ್ಥಿಯ ದಾರಿ ಅಲ್ಲಿಗೇ ನಿಲ್ಲುತ್ತದೆ. ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳಿಗೆ ಇಂಥ ಅರ್ಜಿಗಳನ್ನು ತುಂಬಲು ಹಲವು ವರ್ಷಗಳಿಂದ ನೆರವಾಗುತ್ತ ಬಂದಿರುವ ನನಗೆ, ಪರೀಕ್ಷೆಯಲ್ಲಿ ಸೋತವರಿಗಿಂತ ಪರೀಕ್ಷೆಗೆ ಕೂರುವ ಮೊದಲೇ ವಯಸ್ಸು ಮೀರಿದೆ ಎಂದು ತಿಳಿದು ಮರಳಿ ಹೋದವರ ಮುಖಗಳೇ ಹೆಚ್ಚು ನೆನಪಿನಲ್ಲಿವೆ. ಎರಡು ವರ್ಷ ಮೊದಲೇ ಯಾರಾದರೂ ಪಕ್ಕದಲ್ಲಿ ಕುಳಿತು ಲೆಕ್ಕ ಹಾಕಿ ತೋರಿಸಿದ್ದರೆ ಅವರಲ್ಲಿ ಬಹುಮಂದಿಗೆ ಅವಕಾಶ ಉಳಿಯುತ್ತಿತ್ತು. ಆ ಲೆಕ್ಕವನ್ನು ಮನೆಯಲ್ಲೇ, ಒಂದು ಹಾಳೆಯ ಮೇಲೆ, ಹೇಗೆ ಹಾಕಿಕೊಳ್ಳಬೇಕೆಂಬುದನ್ನು ಇಲ್ಲಿ ವಿವರಿಸುತ್ತೇನೆ.

ಮೊದಲಿಗೆ ಒಂದು ಸ್ಪಷ್ಟನೆ ಅಗತ್ಯ. ಇಲ್ಲಿ ಹೇಳುತ್ತಿರುವುದು ಭೂಸೇನೆ, ನೌಕಾಪಡೆ ಮತ್ತು ವಾಯುಪಡೆಗಳಲ್ಲಿ ಅಧಿಕಾರಿಯಾಗಿ, ಅಂದರೆ ಲೆಫ್ಟಿನೆಂಟ್, ಸಬ್ ಲೆಫ್ಟಿನೆಂಟ್ ಅಥವಾ ಫ್ಲೈಯಿಂಗ್ ಆಫೀಸರ್ ಹುದ್ದೆಯಿಂದ ಸೇವೆ ಆರಂಭಿಸುವವರ ವಿಚಾರವನ್ನು. ಅಗ್ನಿವೀರರ ನೇಮಕಾತಿಗೆ ಬೇರೆಯೇ ವಯೋಮಿತಿಯಿದ್ದು, ಅದನ್ನು ಇದರೊಂದಿಗೆ ಬೆರೆಸಿ ನೋಡಬಾರದು.

ಯಾವ ದಿನಕ್ಕೆ ವಯಸ್ಸು ನೋಡುತ್ತಾರೆ

ಅರ್ಜಿ ಹಾಕುವ ದಿನ ನಿಮ್ಮ ವಯಸ್ಸು ಎಷ್ಟಿದೆ ಎಂಬುದು ಮುಖ್ಯವಲ್ಲ. ಪರೀಕ್ಷೆ ಬರೆಯುವ ದಿನದ ವಯಸ್ಸೂ ಮುಖ್ಯವಲ್ಲ. ತರಬೇತಿ ಆರಂಭವಾಗುವ ಹೊತ್ತಿಗೆ ಎಷ್ಟು ತುಂಬಿರುತ್ತದೆ ಎಂಬುದನ್ನೇ ನೋಡುತ್ತಾರೆ. ಎಲ್ಲ ಗೊಂದಲಗಳೂ ಹುಟ್ಟುವುದು ಇದನ್ನು ಗಮನಿಸದೆ ಇರುವುದರಿಂದ. ಪುಣೆಯ ಬಳಿಯ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ನಾವೆಲ್ಲ ಎನ್‌ಡಿಎ ಎಂದು ಕರೆಯುವ ಸಂಸ್ಥೆಗೆ, ವರ್ಷಕ್ಕೆ ಎರಡು ಬಾರಿ ಯುಪಿಎಸ್‌ಸಿ ಪರೀಕ್ಷೆ ನಡೆಸುತ್ತದೆ. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ನಡೆಯುವ ಮೊದಲ ಪರೀಕ್ಷೆಯಲ್ಲಿ ಆಯ್ಕೆಯಾದವರ ತರಬೇತಿ ಮುಂದಿನ ಜನವರಿಯಲ್ಲಿ ಆರಂಭವಾಗುತ್ತದೆ; ಸೆಪ್ಟೆಂಬರ್‌ನಲ್ಲಿ ನಡೆಯುವ ಎರಡನೆಯ ಪರೀಕ್ಷೆಯಲ್ಲಿ ಆಯ್ಕೆಯಾದವರದು ಮುಂದಿನ ವರ್ಷದ ಜುಲೈನಲ್ಲಿ ಆರಂಭವಾಗುತ್ತದೆ. ಆ ಜನವರಿ ಅಥವಾ ಜುಲೈಗೆ ಅಭ್ಯರ್ಥಿಗೆ 16½ ವರ್ಷ ತುಂಬಿರಬೇಕು, 19½ ವರ್ಷ ಮೀರಿರಬಾರದು. ಆದ್ದರಿಂದ ಪರೀಕ್ಷೆ ಬರೆಯುವಾಗ 18 ವರ್ಷ 10 ತಿಂಗಳಾಗಿರುವ ಹುಡುಗ ತನಗಿನ್ನೂ ಎಂಟು ತಿಂಗಳು ಉಳಿದಿವೆ ಎಂದು ನೆಮ್ಮದಿಯಿಂದಿದ್ದರೆ, ತರಬೇತಿ ಆರಂಭವಾಗುವ ವೇಳೆಗೆ ಅವನಿಗೆ 19 ವರ್ಷ 7 ತಿಂಗಳಾಗಿರುತ್ತದೆ. ಅವನ ಅರ್ಜಿ ಮೊದಲಿನಿಂದಲೂ ಅನರ್ಹವೇ ಆಗಿರುತ್ತದೆ.

ಇನ್ನೊಂದು ತೊಡಕು ನಮ್ಮ ಮನೆಗಳ ಮಾತಿನಲ್ಲಿಯೇ ಇದೆ. ಹಿರಿಯರು ವಯಸ್ಸನ್ನು ನಡೆಯುತ್ತಿರುವ ವರ್ಷದಲ್ಲಿ ಹೇಳುತ್ತಾರೆ. ‘ನಮ್ಮ ಹುಡುಗನಿಗೆ ಹತ್ತೊಂಬತ್ತು ನಡೀತಿದೆ’ ಎಂದು ತಾಯಿ ಹೇಳಿದರೆ ಅವನಿಗೆ ತುಂಬಿರುವುದು ಹದಿನೆಂಟು. ಸರ್ಕಾರದ ಲೆಕ್ಕದಲ್ಲಿ ತುಂಬಿದ ವರ್ಷಕ್ಕೆ ಮಾತ್ರ ಬೆಲೆ. ಆದುದರಿಂದ ವಯಸ್ಸನ್ನು ಬಾಯಿಮಾತಿನಲ್ಲಿ ಲೆಕ್ಕಿಸದೆ, ಹುಟ್ಟಿದ ದಿನಾಂಕವನ್ನು ಪ್ರಕಟಣೆಯಲ್ಲಿ ಕೊಟ್ಟಿರುವ ಎರಡು ದಿನಾಂಕಗಳ ಪಕ್ಕದಲ್ಲಿಟ್ಟು ನೋಡುವುದೇ ಸರಿಯಾದ ಕ್ರಮ.

ಆ ಎರಡು ದಿನಾಂಕಗಳನ್ನು ಓದುವ ರೀತಿಯೂ ತಿಳಿದಿರಬೇಕು. ಯುಪಿಎಸ್‌ಸಿ ಪ್ರಕಟಣೆಯು ‘ಇಷ್ಟರಿಂದ ಇಷ್ಟು ವರ್ಷ’ ಎಂದು ಹೇಳುವುದಕ್ಕಿಂತ ಹೆಚ್ಚಾಗಿ, ಇಂಥ ದಿನಕ್ಕಿಂತ ಮೊದಲು ಹುಟ್ಟಿರಬಾರದು ಮತ್ತು ಇಂಥ ದಿನದ ನಂತರ ಹುಟ್ಟಿರಬಾರದು ಎಂಬ ಧಾಟಿಯಲ್ಲಿರುತ್ತದೆ. 2025ರ ಮೊದಲ ಎನ್‌ಡಿಎ ಪರೀಕ್ಷೆಗೆ ಆ ದಿನಾಂಕಗಳು 2006ರ ಜುಲೈ 2 ಮತ್ತು 2009ರ ಜುಲೈ 1 ಆಗಿದ್ದವು. ಮೊದಲನೆಯದು ಎಲ್ಲರಿಗಿಂತ ಹಿರಿಯ ಅಭ್ಯರ್ಥಿ ಹುಟ್ಟಬಹುದಾದ ದಿನ, ಎರಡನೆಯದು ಎಲ್ಲರಿಗಿಂತ ಕಿರಿಯ ಅಭ್ಯರ್ಥಿ ಹುಟ್ಟಬಹುದಾದ ದಿನ. ಎರಡೂ ದಿನಗಳು ಅವಕಾಶದ ಒಳಗೇ ಸೇರುತ್ತವೆ. ಇಂಗ್ಲಿಷಿನ ಆ ವಾಕ್ಯವನ್ನು ತಲೆಕೆಳಗಾಗಿ ಅರ್ಥ ಮಾಡಿಕೊಂಡು, ಅರ್ಹತೆಯಿದ್ದೂ ಅರ್ಜಿ ಹಾಕದೆ ಉಳಿದ ಮಕ್ಕಳನ್ನು ನಾನು ಕಂಡಿದ್ದೇನೆ.

ಆಯ್ಕೆಯ ಪ್ರಕ್ರಿಯೆ ತಿಂಗಳುಗಟ್ಟಲೆ ನಡೆಯುವುದರಿಂದ, ಲಿಖಿತ ಪರೀಕ್ಷೆಯ ನಂತರ ಸೇನಾ ಆಯ್ಕೆ ಮಂಡಳಿ (ಎಸ್‌ಎಸ್‌ಬಿ) ನಡೆಸುವ ಸಂದರ್ಶನದ ಕರೆ ಬರುವಷ್ಟರಲ್ಲಿ ವಯಸ್ಸು ಮೀರಿಬಿಟ್ಟರೆ ಏನು ಗತಿ ಎಂದು ಕೆಲವರು ಆತಂಕಪಡುತ್ತಾರೆ. ಆ ಆತಂಕ ಬೇಡ. ಪ್ರಕಟಣೆಯ ಎರಡು ದಿನಾಂಕಗಳ ನಡುವೆ ನಿಮ್ಮ ಜನ್ಮದಿನಾಂಕ ಬಿದ್ದಿದ್ದರೆ, ಬೆಂಗಳೂರಿನ ಆಯ್ಕೆ ಕೇಂದ್ರದಲ್ಲಿಯೋ ಮೈಸೂರಿನ ವಾಯುಪಡೆ ಆಯ್ಕೆ ಮಂಡಳಿಯಲ್ಲಿಯೋ ಸಂದರ್ಶನ ಯಾವಾಗ ನಡೆದರೂ ಆ ತರಬೇತಿಯ ಮಟ್ಟಿಗೆ ನಿಮ್ಮ ಅರ್ಹತೆ ಬದಲಾಗುವುದಿಲ್ಲ.

ಅಂಕಪಟ್ಟಿಯಲ್ಲಿರುವ ದಿನಾಂಕ

ಲೆಕ್ಕಕ್ಕೆ ಕುಳಿತುಕೊಳ್ಳುವ ಮೊದಲು ಮೇಜಿನ ಮೇಲೆ ಇಟ್ಟುಕೊಳ್ಳಬೇಕಾದ ಕಾಗದ ಒಂದೇ, ಅದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ. ಮೆಟ್ರಿಕ್ಯುಲೇಷನ್ ಅಥವಾ ಅದಕ್ಕೆ ಸಮಾನವಾದ ಪ್ರಮಾಣಪತ್ರದಲ್ಲಿ ನಮೂದಾಗಿರುವ ಜನ್ಮದಿನಾಂಕವನ್ನೇ ಯುಪಿಎಸ್‌ಸಿ ಒಪ್ಪುತ್ತದೆ. ಜಾತಕ, ಅಫಿಡವಿಟ್, ನಗರಸಭೆಯ ಜನನ ದಾಖಲೆ ಇವುಗಳನ್ನು ವಯಸ್ಸಿನ ಪುರಾವೆಯಾಗಿ ಒಪ್ಪುವುದಿಲ್ಲವೆಂದು ಪ್ರಕಟಣೆಯಲ್ಲಿಯೇ ಹೆಸರಿಸಿ ಹೇಳಿರುತ್ತಾರೆ. ಒಮ್ಮೆ ಅರ್ಜಿಯಲ್ಲಿ ಬರೆದ ದಿನಾಂಕವನ್ನು ಆಮೇಲೆ ಬದಲಾಯಿಸಲು ಅವಕಾಶವಿಲ್ಲವೆಂದೂ ಅಲ್ಲಿಯೇ ಇರುತ್ತದೆ.

ನಿಯಮದಲ್ಲಿ ಜಾತಕದ ಹೆಸರೇಕೆ ಬಂದಿದೆ ಎಂದು ಒಂದು ಕಾಲಕ್ಕೆ ನನಗೂ ಆಶ್ಚರ್ಯವಿತ್ತು. ಆ ಬಳಿಕ, 2025ರ ಮೊದಲ ಪರೀಕ್ಷೆಗೆ ಅರ್ಜಿ ಕರೆದಿದ್ದಾಗ, ಒಬ್ಬ ತಂದೆ ತಮ್ಮ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದರು. ಅಂಕಪಟ್ಟಿಯಲ್ಲಿ 2006ರ ಜೂನ್ 1 ಎಂದಿತ್ತು. ಅವರು ಅಂಗಿಯ ಜೇಬಿನಿಂದ ನಾಲ್ಕಾಗಿ ಮಡಚಿದ, ಮೂಲೆಗಳಿಗೆ ಅರಿಸಿನ ಹಚ್ಚಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ‘ಸಾರ್, ಇವನು ಹುಟ್ಟಿದ್ದು ದೀಪಾವಳಿ ಸಮಯದಲ್ಲಿ, ಇಲ್ಲಿ ಬರೆದಿದೆ ನೋಡಿ. ಶಾಲೆಗೆ ಸೇರಿಸೋವಾಗ ಮೇಷ್ಟ್ರು ಜೂನ್ ಒಂದು ಅಂತ ಹಾಕ್ಕೊಂಡ್ರು, ನಾವೂ ಸುಮ್ಮನಿದ್ವಿ’ ಎಂದರು. ಅವರು ಹೇಳಿದ್ದು ನಿಜವೆಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಅಕ್ಟೋಬರ್‌ನಲ್ಲಿ ಹುಟ್ಟಿದ ಹುಡುಗ ಆ ಪರೀಕ್ಷೆಗೆ ಅರ್ಹ. ಜೂನ್ 1ರಂದು ಹುಟ್ಟಿದ ಹುಡುಗ ಒಂದು ತಿಂಗಳು ಒಂದು ದಿನದಷ್ಟು ದೊಡ್ಡವನು. ಹನ್ನೆರಡು ವರ್ಷ ಹಿಂದೆ ಯಾರೋ ಅನುಕೂಲಕ್ಕೆಂದು ಬರೆದ ಒಂದು ಸಾಲು ಅವನ ಕೊನೆಯ ಅವಕಾಶವನ್ನು ತೆಗೆದುಕೊಂಡಿತು. ನಾನು ಆ ಹಾಳೆಯನ್ನು ಮತ್ತೆ ಮಡಚಿ ಅವರ ಕೈಗೆ ಕೊಟ್ಟೆ. ಅದಕ್ಕಿಂತ ಹೆಚ್ಚೇನೂ ಮಾಡುವಂತಿರಲಿಲ್ಲ.

ನಮ್ಮ ಹಳ್ಳಿಗಳ ಶಾಲಾ ದಾಖಲೆಗಳಲ್ಲಿ ಜೂನ್ 1 ಎಂಬ ಜನ್ಮದಿನ ಎಷ್ಟು ಸಾಮಾನ್ಯವೆಂಬುದನ್ನು ಶಿಕ್ಷಕರಾಗಿದ್ದವರೆಲ್ಲ ಬಲ್ಲರು. ಆದ್ದರಿಂದ ಮಗು ಇನ್ನೂ ಪ್ರೌಢಶಾಲೆಯಲ್ಲಿರುವಾಗಲೇ, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಹೆಸರು ನೋಂದಾಯಿಸುವುದಕ್ಕಿಂತ ಮೊದಲೇ, ಪೋಷಕರು ಮುಖ್ಯೋಪಾಧ್ಯಾಯರ ಬಳಿ ಹೋಗಿ ದಾಖಲಾತಿ ಪುಸ್ತಕದಲ್ಲಿರುವ ದಿನಾಂಕವನ್ನು ಜನನ ಪ್ರಮಾಣಪತ್ರ ಮತ್ತು ಆಧಾರ್‌ನೊಂದಿಗೆ ಹೋಲಿಸಿ ನೋಡಬೇಕು. ವ್ಯತ್ಯಾಸವಿದ್ದರೆ ಕಾನೂನಿನ ಪ್ರಕಾರ ತಿದ್ದುಪಡಿ ಮಾಡಿಸಿಕೊಳ್ಳಲು ಆಗ ಇನ್ನೂ ಸಮಯವಿರುತ್ತದೆ. ಅಂಕಪಟ್ಟಿ ಅಚ್ಚಾಗಿ ಕೈಸೇರಿದ ಮೇಲೆ ಆ ಕೆಲಸ ಬಹಳ ಕಠಿಣವಾಗುತ್ತದೆ. ಅರ್ಜಿ ಸಲ್ಲಿಸಿದ ನಂತರವಂತೂ ಪ್ರಯೋಜನವೇ ಇಲ್ಲ.

ಜನ್ಮದಿನಾಂಕದ ಗೊಂದಲ ಎಷ್ಟು ದೂರ ಬೆನ್ನು ಹತ್ತಬಲ್ಲದು ಎಂಬುದಕ್ಕೆ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ವಿ.ಕೆ. ಸಿಂಗ್ ಅವರ ಪ್ರಕರಣವೇ ಸಾಕ್ಷಿ. ಎನ್‌ಡಿಎ ಸೇರಲು ಹದಿಹರೆಯದಲ್ಲಿ ತುಂಬಿದ ಅರ್ಜಿಯಲ್ಲಿ ಅವರ ಜನ್ಮದಿನಾಂಕ 1950ರ ಮೇ 10 ಎಂದು ದಾಖಲಾಗಿತ್ತು. ಮೆಟ್ರಿಕ್ಯುಲೇಷನ್ ಪ್ರಮಾಣಪತ್ರದಲ್ಲಿ ಅದು 1951ರ ಮೇ 10 ಎಂದಿತ್ತು. ಸೇನಾ ಮುಖ್ಯಸ್ಥರು 62 ವರ್ಷ ತುಂಬುವವರೆಗೆ ಅಥವಾ 3 ವರ್ಷ ಅಧಿಕಾರ ಪೂರೈಸುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ, ಹುದ್ದೆಯಲ್ಲಿರುತ್ತಾರಾದ್ದರಿಂದ ಆ ಒಂದು ವರ್ಷದ ವ್ಯತ್ಯಾಸ ಅವರ ಅಧಿಕಾರಾವಧಿಯಲ್ಲಿ ಸುಮಾರು 10 ತಿಂಗಳುಗಳನ್ನು ನಿರ್ಧರಿಸುವಂತಿತ್ತು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2012ರ ಫೆಬ್ರವರಿಯಲ್ಲಿ ಅವರು ಅರ್ಜಿಯನ್ನು ಹಿಂಪಡೆದರು. 1950ರ ದಿನಾಂಕವೇ ಉಳಿದು, ಅದೇ ವರ್ಷ ಮೇ 31ರಂದು ನಿವೃತ್ತರಾದರು. ಹುಡುಗನೊಬ್ಬ ತುಂಬಿದ ನಮೂನೆಯ ಒಂದು ಅಂಕಿ ನಾಲ್ಕು ದಶಕಗಳ ನಂತರ ದೇಶದ ಅತ್ಯುನ್ನತ ಸೇನಾ ಹುದ್ದೆಯ ಬಾಗಿಲಲ್ಲಿ ಕಾದು ನಿಂತಿತ್ತು. ನಿಮ್ಮ ಮನೆಯ ಮಗುವಿನ ಅರ್ಜಿಯನ್ನು ಸೈಬರ್ ಅಂಗಡಿಯಲ್ಲಿ ಬೇರೆಯವರು ತುಂಬುತ್ತಿದ್ದರೆ, ಸಲ್ಲಿಸುವ ಗುಂಡಿ ಒತ್ತುವ ಮುನ್ನ ಆ ದಿನಾಂಕವನ್ನು ಅಂಕಪಟ್ಟಿಯೊಂದಿಗೆ ನೀವೇ ಹೋಲಿಸಿ ನೋಡಿ.

ಹಿಂದಕ್ಕೆ ಎಣಿಸುವುದು ಹೇಗೆ

ಈಗ ಒಂದು ಉದಾಹರಣೆಯನ್ನು ಹಂತಹಂತವಾಗಿ ನೋಡೋಣ. 2008ರ ಆಗಸ್ಟ್ 20ರಂದು ಹುಟ್ಟಿದ ಒಬ್ಬ ಹುಡುಗಿಯಿದ್ದಾಳೆಂದು ಇಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಎನ್‌ಡಿಎ ಬಾಗಿಲು ತೆರೆದದ್ದು 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ಮಧ್ಯಂತರ ಆದೇಶದಿಂದ. ಮೊದಲ ತಂಡದ 17 ಯುವತಿಯರು 2025ರ ಮೇ 30ರಂದು ಖಡಕ್‌ವಾಸ್ಲಾದಿಂದ ತೇರ್ಗಡೆಯಾಗಿ ಹೊರಬಂದರು. ವಯೋಮಿತಿಯಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ.

ಈ ಹುಡುಗಿಗೆ 16½ ವರ್ಷ ತುಂಬುವುದು 2025ರ ಫೆಬ್ರವರಿ 20ಕ್ಕೆ, 19½ ತುಂಬುವುದು 2028ರ ಫೆಬ್ರವರಿ 20ಕ್ಕೆ. ಈ ಎರಡು ದಿನಗಳ ನಡುವೆ ಬರುವ ಜುಲೈ ಮತ್ತು ಜನವರಿಗಳನ್ನು ಎಣಿಸಿದರೆ 2025ರ ಜುಲೈ, 2026ರ ಜನವರಿ ಮತ್ತು ಜುಲೈ, 2027ರ ಜನವರಿ ಮತ್ತು ಜುಲೈ, 2028ರ ಜನವರಿ, ಹೀಗೆ ಒಟ್ಟು ಆರು ತರಬೇತಿಗಳು ಸಿಗುತ್ತವೆ. ಮೂರು ವರ್ಷಗಳ ಅವಧಿಯಲ್ಲಿ ಆರು ತಿಂಗಳಿಗೊಂದು ತರಬೇತಿ ಆರಂಭವಾಗುವುದರಿಂದ ಹೆಚ್ಚುಕಡಿಮೆ ಎಲ್ಲರಿಗೂ ವಯಸ್ಸಿನ ದೃಷ್ಟಿಯಿಂದ ಆರು ಅವಕಾಶಗಳಿರುತ್ತವೆ. ಬಹುಮಂದಿ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ.

ನಿಲ್ಲಿಸಬಾರದು, ಏಕೆಂದರೆ ಓದಿನ ಅರ್ಹತೆ ಮುಂದಿನ ಬಾಗಿಲಲ್ಲಿ ನಿಂತಿರುತ್ತದೆ. ಎನ್‌ಡಿಎಗೆ ದ್ವಿತೀಯ ಪಿಯುಸಿ ಮುಗಿದಿರಬೇಕು ಅಥವಾ ಆ ವರ್ಷ ಪರೀಕ್ಷೆ ಬರೆಯುತ್ತಿರಬೇಕು; ಪ್ರಥಮ ಪಿಯುಸಿಯಲ್ಲಿರುವವರಿಗೆ ಅವಕಾಶವಿಲ್ಲ. ತೇರ್ಗಡೆಯ ದಾಖಲೆಯನ್ನು ತರಬೇತಿಗೆ ಮೊದಲು ನಿಗದಿಪಡಿಸಿದ ದಿನದೊಳಗೆ ಸಲ್ಲಿಸಬೇಕು. ನಮ್ಮ ಹುಡುಗಿ 2014ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದ್ದರೆ ದ್ವಿತೀಯ ಪಿಯುಸಿ ಮುಗಿಸುವುದು 2026ರ ಬೇಸಿಗೆಯಲ್ಲಿ. ಹಾಗಾಗಿ 2025ರ ಜುಲೈ ಮತ್ತು 2026ರ ಜನವರಿಯ ತರಬೇತಿಗಳು ಅವಳಿಗೆ ವಯಸ್ಸಿದ್ದರೂ ದಕ್ಕುವುದಿಲ್ಲ. ಉಳಿಯುವುದು ನಾಲ್ಕು ಪರೀಕ್ಷೆಗಳು: ದ್ವಿತೀಯ ಪಿಯುಸಿಯಲ್ಲಿರುವಾಗಲೇ ಬರೆಯಬಹುದಾದ 2025ರ ಸೆಪ್ಟೆಂಬರ್‌ನ ಪರೀಕ್ಷೆ, 2026ರ ಎರಡು ಪರೀಕ್ಷೆಗಳು ಮತ್ತು 2027ರ ಏಪ್ರಿಲ್‌ನ ಪರೀಕ್ಷೆ. ಪಿಯುಸಿ ಮುಗಿಯಲಿ, ಆಮೇಲೆ ನೋಡೋಣ ಎಂದು ಮೊದಲನೆಯದನ್ನು ಬಿಟ್ಟರೆ ನಾಲ್ಕರಲ್ಲಿ ಒಂದು ಹೋದಂತೆಯೇ.

ಇದೇ ಲೆಕ್ಕವನ್ನು ತಡವಾಗಿ ಶಾಲೆಗೆ ಸೇರಿದ ಮಗುವಿಗೆ ಹಾಕಿ ನೋಡಿದಾಗ ನನಗೆ ನಿಜಕ್ಕೂ ಕಳವಳವಾಯಿತು. ಜೂನ್ 1ಕ್ಕೆ 6 ವರ್ಷ ತುಂಬಿರಬೇಕೆಂಬ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ, ಜೂನ್ 2ರಂದು ಹುಟ್ಟಿದ ಮಗು ಒಂದು ದಿನದ ಕೊರತೆಯಿಂದ ಇನ್ನೊಂದು ವರ್ಷ ಕಾಯಬೇಕಾಗುತ್ತದೆ, ಒಂದನೇ ತರಗತಿಗೆ ಸೇರುವಾಗ ಹೆಚ್ಚುಕಡಿಮೆ 7 ವರ್ಷವಾಗಿರುತ್ತದೆ. ಎಲ್ಲಿಯೂ ಅನುತ್ತೀರ್ಣವಾಗದೆ ಓದಿದರೂ ದ್ವಿತೀಯ ಪಿಯುಸಿ ಮುಗಿಯುವ ಮಾರ್ಚ್ ತಿಂಗಳಿಗೆ 18 ವರ್ಷ 9 ತಿಂಗಳು ಆಗಿರುತ್ತದೆ. ದ್ವಿತೀಯ ಪಿಯುಸಿಯ ಸೆಪ್ಟೆಂಬರ್‌ನಲ್ಲಿ ಪರೀಕ್ಷೆ ಬರೆದರೆ ಮುಂದಿನ ಜುಲೈಗೆ ವಯಸ್ಸು 19 ವರ್ಷ 1 ತಿಂಗಳು, ಅಡ್ಡಿಯಿಲ್ಲ. ಆದರೆ ಅದರ ನಂತರದ ಏಪ್ರಿಲ್ ಪರೀಕ್ಷೆಯ ತರಬೇತಿ ಆರಂಭವಾಗುವ ಜನವರಿಗೆ 19 ವರ್ಷ 7 ತಿಂಗಳು, ಬಾಗಿಲು ಮುಚ್ಚಿರುತ್ತದೆ. ಅಂದರೆ ಆ ಮಗುವಿಗೆ ಇಡೀ ಜೀವನದಲ್ಲಿ ಎನ್‌ಡಿಎ ಪರೀಕ್ಷೆ ಬರೆಯಲು ಸಿಗುವುದು ಒಂದೇ ಒಂದು ಅವಕಾಶ, ಅದೂ ದ್ವಿತೀಯ ಪಿಯುಸಿ ಆರಂಭವಾದ ಕೆಲವೇ ತಿಂಗಳಲ್ಲಿ. ಅಂಥ ಮಕ್ಕಳಿಗೆ ಹತ್ತನೇ ತರಗತಿಯಲ್ಲೇ ಈ ವಿಷಯ ತಿಳಿದಿರಬೇಕು, ಪ್ರಥಮ ಪಿಯುಸಿಯ ರಜೆಯಲ್ಲಿ ತಯಾರಿ ನಡೆದಿರಬೇಕು.

ಪಿಯುಸಿ ಮಟ್ಟದ ಇನ್ನೆರಡು ದಾರಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಜೆಇಇ ಮೇನ್ ಬರೆದವರಿಗಾಗಿ ಭೂಸೇನೆ ನಡೆಸುವ ಟೆಕ್ನಿಕಲ್ ಎಂಟ್ರಿ ಸ್ಕೀಮಿಗೂ ವಯಸ್ಸು 16½ರಿಂದ 19½. ತರಬೇತಿ ಆರಂಭವಾಗುವ ತಿಂಗಳ ಮೊದಲ ದಿನಕ್ಕೆ ಅದನ್ನು ನೋಡುತ್ತಾರೆ. ನೌಕಾಪಡೆಯ ಬಿ.ಟೆಕ್ ಕೆಡೆಟ್ ಪ್ರವೇಶಕ್ಕೆ 17ರಿಂದ 19½. ಎರಡರಲ್ಲಿಯೂ ಲಿಖಿತ ಪರೀಕ್ಷೆ ಪ್ರತ್ಯೇಕವಾಗಿ ಇಲ್ಲವಾದ್ದರಿಂದ ಜೆಇಇಗೆ ಹೇಗೂ ತಯಾರಾಗುತ್ತಿರುವ ಮಕ್ಕಳು ಇವನ್ನು ಮರೆಯಬಾರದು.

ಪದವಿ ಮುಗಿಸಿದವರ ಲೆಕ್ಕ

ಎನ್‌ಡಿಎ ವಯಸ್ಸು ದಾಟಿದವರಿಗೆ ಮುಂದಿನ ದೊಡ್ಡ ಬಾಗಿಲು ಯುಪಿಎಸ್‌ಸಿಯೇ ಪದವೀಧರರಿಗಾಗಿ ನಡೆಸುವ ಸಿಡಿಎಸ್ (ಸಂಯೋಜಿತ ರಕ್ಷಣಾ ಸೇವೆಗಳ) ಪರೀಕ್ಷೆ. ಒಂದೇ ಪರೀಕ್ಷೆಯ ಮೂಲಕ ನಾಲ್ಕು ಅಕಾಡೆಮಿಗಳಿಗೆ ಆಯ್ಕೆ ನಡೆಯುತ್ತದೆ. ನಾಲ್ಕಕ್ಕೂ ವಯೋಮಿತಿ ಒಂದೇ ಅಲ್ಲ. 2025ರ ಮೊದಲ ಸಿಡಿಎಸ್ ಪರೀಕ್ಷೆಯನ್ನೇ ನೋಡಿದರೆ, ಡೆಹ್ರಾಡೂನಿನ ಭಾರತೀಯ ಸೇನಾ ಅಕಾಡೆಮಿಗೂ ಎಳಿಮಲದ ನೌಕಾ ಅಕಾಡೆಮಿಗೂ 2002ರ ಜನವರಿ 2ರಿಂದ 2007ರ ಜನವರಿ 1ರ ನಡುವೆ ಹುಟ್ಟಿದವರು ಅರ್ಹರಾಗಿದ್ದರು, ಅಂದರೆ 19ರಿಂದ 24 ವರ್ಷ. ಹೈದರಾಬಾದಿನ ಬಳಿ ದುಂಡಿಗಲ್‌ನಲ್ಲಿರುವ ವಾಯುಪಡೆ ಅಕಾಡೆಮಿಗೆ ಕನಿಷ್ಠ ವಯಸ್ಸು 20, ಗರಿಷ್ಠ 24. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ನೀಡಿದ ವಾಣಿಜ್ಯ ಪೈಲಟ್ ಪರವಾನಗಿ ಚಾಲ್ತಿಯಲ್ಲಿದ್ದವರಿಗೆ ಮಾತ್ರ 26ರವರೆಗೆ ಸಡಿಲಿಕೆ. ಅಲ್ಪಾವಧಿ ಸೇವೆಗೆ ಸಿದ್ಧಪಡಿಸುವ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗೆ 2001ರ ಜನವರಿ 2ರಿಂದ ಆರಂಭಿಸಿ, ಅಂದರೆ 25 ವರ್ಷದವರೆಗೆ ಅವಕಾಶ. ಚೆನ್ನೈನ ತರಬೇತಿ ಆರಂಭವಾಗುವುದು ಏಪ್ರಿಲ್‌ನಲ್ಲಾದರೂ ವಯಸ್ಸನ್ನು ನೋಡುವುದು ಜನವರಿಯ ಲೆಕ್ಕದಲ್ಲಿಯೇ ಎಂಬುದನ್ನು ಆ ದಿನಾಂಕಗಳಿಂದ ಕಾಣಬಹುದು. ಇಂಥ ಸೂಕ್ಷ್ಮಗಳಿಗಾಗಿಯೇ ಪ್ರತಿ ಬಾರಿಯ ಪ್ರಕಟಣೆಯನ್ನು ಸ್ವತಃ ಓದಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮೂರು ವರ್ಷದ ಪದವಿ ಓದುವವರು ಸಾಮಾನ್ಯವಾಗಿ 21ರ ಹೊತ್ತಿಗೆ ಮುಗಿಸುತ್ತಾರೆ. ಅಂತಿಮ ವರ್ಷದಲ್ಲಿದ್ದಾಗಲೇ ಸಿಡಿಎಸ್ ಬರೆಯಬಹುದಾದ್ದರಿಂದ ಅವರಿಗೆ ಡೆಹ್ರಾಡೂನಿನ ದಾರಿಯಲ್ಲಿ ಮೂರು ವರ್ಷ ಸಿಗುತ್ತದೆ. ಎಂಜಿನಿಯರಿಂಗ್ ಓದಿದವರಿಗೆ ಅದೇ ಅವಧಿ ಎರಡು ವರ್ಷಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಒಂದೆರಡು ವರ್ಷ ಕೆಲಸ ಮಾಡಿ, ಮನೆಯ ಸಾಲ ತೀರಿಸಿ, ಬಳಿಕ ಸೇನೆಗೆ ಸೇರುವ ಯೋಚನೆ ನಮ್ಮ ಹುಡುಗರಲ್ಲಿ ಬಹಳ ಇದೆ. ಆ ಯೋಚನೆಯಲ್ಲಿ ತಪ್ಪೇನೂ ಇಲ್ಲ, ಆದರೆ ಅದರ ಬೆಲೆ ಏನೆಂದು ತಿಳಿದಿರಲಿ. 22ಕ್ಕೆ ಎಂಜಿನಿಯರಿಂಗ್ ಮುಗಿಸಿ ಎರಡು ವರ್ಷ ಕೆಲಸ ಮಾಡಿದವನಿಗೆ 24 ತುಂಬುತ್ತಲೇ ಡೆಹ್ರಾಡೂನಿನ ಸಿಡಿಎಸ್ ದಾರಿಯೂ ಯುದ್ಧವಿಮಾನ ಹಾರಿಸುವ ಆಸೆಯೂ ಒಟ್ಟಿಗೇ ಮುಗಿಯುತ್ತವೆ. ಚೆನ್ನೈಗೆ ಇನ್ನೊಂದು ವರ್ಷ ಉಳಿಯುತ್ತದೆ. ವಾಯುಪಡೆಯೇ ನಡೆಸುವ ಎಎಫ್‌ಕ್ಯಾಟ್ ಪರೀಕ್ಷೆಯ ಮೂಲಕ ಹಾರಾಟೇತರ ಶಾಖೆಗಳಿಗೆ ಸೇರಲು 26ರವರೆಗೆ ಅವಕಾಶವಿದೆ. ಹಾರಾಟ ಶಾಖೆಗೆ ಅಲ್ಲಿಯೂ 20ರಿಂದ 24 ಮಾತ್ರ.

ಎಂಜಿನಿಯರ್‌ಗಳಿಗೆ ಸಮಾಧಾನ ತರುವ ಎರಡು ದಾರಿಗಳು ಭೂಸೇನೆಯಲ್ಲಿವೆ. ಕಾಯಂ ಸೇವೆಗೆ ಕರೆದೊಯ್ಯುವ ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್ ಮತ್ತು ಅಲ್ಪಾವಧಿ ಸೇವೆಯ ಎಸ್‌ಎಸ್‌ಸಿ ಟೆಕ್, ಎರಡಕ್ಕೂ ವಯಸ್ಸು 20ರಿಂದ 27. ಮೊದಲನೆಯದಕ್ಕೆ ಜನವರಿ 1 ಅಥವಾ ಜುಲೈ 1ರ ದಿನಕ್ಕೂ, ಎರಡನೆಯದಕ್ಕೆ ಏಪ್ರಿಲ್ 1 ಅಥವಾ ಅಕ್ಟೋಬರ್ 1ರ ದಿನಕ್ಕೂ ವಯಸ್ಸು ಎಣಿಸುತ್ತಾರೆ. ಕಾನೂನು ಪದವೀಧರರಿಗಾಗಿ ಇರುವ, ಸೇನೆಯ ಕಾನೂನು ಶಾಖೆಯಾದ ಜ್ಯಾಗ್ ವಿಭಾಗಕ್ಕೆ 21ರಿಂದ 27. ಎನ್‌ಸಿಸಿ ‘ಸಿ’ ಪ್ರಮಾಣಪತ್ರ ಪಡೆದವರು ಲಿಖಿತ ಪರೀಕ್ಷೆಯಿಲ್ಲದೆ ನೇರವಾಗಿ ಎಸ್‌ಎಸ್‌ಬಿಗೆ ಹೋಗುವ ವಿಶೇಷ ಪ್ರವೇಶಕ್ಕೆ 19ರಿಂದ 25. ವೈದ್ಯರಿಗೆ ಮಾತ್ರ ಹೆಚ್ಚು ಕಾಲಾವಕಾಶವಿದ್ದು, ಅಲ್ಪಾವಧಿ ಸೇವೆಗೆ ಎಂಬಿಬಿಎಸ್ ಆದವರಿಗೆ ಆ ವರ್ಷದ ಡಿಸೆಂಬರ್ 31ಕ್ಕೆ 30 ತುಂಬಿರಬಾರದು, ಸ್ನಾತಕೋತ್ತರ ಪದವೀಧರರಿಗೆ 35 ತುಂಬಿರಬಾರದು.

ಮದುವೆಯ ವಿಚಾರ ವಯಸ್ಸಿನೊಂದಿಗೆ ಹೆಣೆದುಕೊಂಡೇ ಬರುತ್ತದೆ. ಎನ್‌ಡಿಎ, ಡೆಹ್ರಾಡೂನ್ ಮತ್ತು ಎಳಿಮಲದ ಪ್ರವೇಶಗಳಿಗೆ ಅವಿವಾಹಿತರಾಗಿರಬೇಕು. ವಾಯುಪಡೆಯಲ್ಲಿ 25 ವರ್ಷದೊಳಗಿನವರು ಅವಿವಾಹಿತರಾಗಿರಬೇಕು. ತರಬೇತಿಯ ಅವಧಿಯಲ್ಲಿ ಮದುವೆಯಾಗುವಂತಿಲ್ಲ. ಪದವಿಯಾದೊಡನೆ ಮಗಳಿಗೆ ಗಂಡು ನೋಡಲು ಹೊರಡುವ ಮನೆಗಳಲ್ಲಿ ಈ ಮಾತನ್ನು ಮೊದಲೇ ಕುಳಿತು ಆಡಿಕೊಳ್ಳುವುದು ಒಳ್ಳೆಯದು.

ಸಡಿಲಿಕೆ ಯಾರಿಗಿದೆ, ಯಾರಿಗಿಲ್ಲ

ಕರ್ನಾಟಕದ ಅಭ್ಯರ್ಥಿಗಳು ಅತಿ ಹೆಚ್ಚು ಎಡವುವ ಜಾಗ ಇದು. ಕೆಪಿಎಸ್‌ಸಿ, ಪೊಲೀಸ್, ಶಿಕ್ಷಕರ ನೇಮಕಾತಿ ಇವುಗಳಲ್ಲೆಲ್ಲ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ ವಯಸ್ಸಿನ ಸಡಿಲಿಕೆಯಿರುವುದನ್ನು ನೋಡಿ ಬೆಳೆದ ನಮ್ಮ ಮಕ್ಕಳು ಸೇನೆಯಲ್ಲಿಯೂ ಅದು ಇದ್ದೇ ಇರುತ್ತದೆ ಎಂದುಕೊಳ್ಳುತ್ತಾರೆ. ಎನ್‌ಡಿಎ, ಸಿಡಿಎಸ್ ಪರೀಕ್ಷೆಗಳಲ್ಲಿ ಯಾವ ವರ್ಗಕ್ಕೂ ವಯಸ್ಸಿನ ಸಡಿಲಿಕೆ ಇಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಜಿ ಶುಲ್ಕದಲ್ಲಿ ವಿನಾಯಿತಿ ಇದೆ, ಆ ವಿನಾಯಿತಿಯನ್ನು ಕಂಡು ವಯಸ್ಸಿನಲ್ಲಿಯೂ ಇದೆಯೆಂದು ಭಾವಿಸುವುದು ತಪ್ಪಾಗುತ್ತದೆ. ಗೊಂದಲಕ್ಕೆ ಇನ್ನೊಂದು ಕಾರಣ, ಅದೇ ಯುಪಿಎಸ್‌ಸಿ ನಡೆಸುವ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಅಸಿಸ್ಟೆಂಟ್ ಕಮಾಂಡೆಂಟ್ ಪರೀಕ್ಷೆ. ಗೃಹ ಸಚಿವಾಲಯದ ಅಡಿಯಲ್ಲಿ ಬರುವ ಆ ಪಡೆಗಳಿಗೆ 20ರಿಂದ 25 ವರ್ಷದ ಮಿತಿಯಿದ್ದು, ಪರಿಶಿಷ್ಟರಿಗೆ 5 ವರ್ಷ, ಹಿಂದುಳಿದ ವರ್ಗದವರಿಗೆ 3 ವರ್ಷ ಸಡಿಲಿಕೆಯಿದೆ. ಗಡಿ ಭದ್ರತಾ ಪಡೆಯೋ ಸಿಆರ್‌ಪಿಎಫೋ ಆಗಬಹುದೆನ್ನುವವರಿಗೆ ಅದು ಒಳ್ಳೆಯ ದಾರಿ. ಆದರೆ ಅದರ ನಿಯಮವನ್ನು ಸೇನೆಗೆ ಅನ್ವಯಿಸಿಕೊಂಡು ಕಾಯುತ್ತ ಕೂರಬಾರದು.

ಸೇನೆಯಲ್ಲಿ ಸಡಿಲಿಕೆಯಿರುವ ಸಂದರ್ಭಗಳು ಬೆರಳೆಣಿಕೆಯಷ್ಟು. ಸೇವೆಯಲ್ಲಿದ್ದಾಗ ಮಡಿದ ರಕ್ಷಣಾ ಸಿಬ್ಬಂದಿಯ ಪತ್ನಿಯರಿಗೆ ಅಲ್ಪಾವಧಿ ಸೇವೆಯ ಪ್ರವೇಶದಲ್ಲಿ 35 ವರ್ಷದವರೆಗೆ ಅವಕಾಶವಿದೆ. ಈಗಾಗಲೇ ಸೈನಿಕರಾಗಿರುವವರು ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿನ ಮೂಲಕ 20ರಿಂದ 27ರೊಳಗೆ ಅಧಿಕಾರಿಯಾಗುವ ದಾರಿ ಹಿಡಿಯಬಹುದು.

ಇಷ್ಟು ಬಿಗಿಯೇಕೆ ಎಂದು ಪೋಷಕರು ಕೇಳುವುದುಂಟು. ಅದಕ್ಕೆ ಸೇನೆಯ ರಚನೆಯಲ್ಲಿಯೇ ಉತ್ತರವಿದೆ. ಲೆಫ್ಟಿನೆಂಟ್ ಆದವರು 2 ವರ್ಷಕ್ಕೆ ಕ್ಯಾಪ್ಟನ್, 6 ವರ್ಷಕ್ಕೆ ಮೇಜರ್, 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಆಗುತ್ತಾರೆ; ಅದರ ಮೇಲಿನ ಹುದ್ದೆಗಳಿಗೆ ಆಯ್ಕೆ ನಡೆಯುತ್ತದೆ. ಕರ್ನಲ್ 54ಕ್ಕೆ, ಬ್ರಿಗೇಡಿಯರ್ 56ಕ್ಕೆ, ಮೇಜರ್ ಜನರಲ್ 58ಕ್ಕೆ ನಿವೃತ್ತರಾಗುತ್ತಾರೆ. ಮೂವತ್ತು ನಲವತ್ತು ಸೈನಿಕರ ತುಕಡಿಯನ್ನು ಬೆಟ್ಟದ ಮೇಲೆ ನಡೆಸಿಕೊಂಡು ಹೋಗುವ ಲೆಫ್ಟಿನೆಂಟ್ ಆ ಸೈನಿಕರಷ್ಟೇ ಚುರುಕಾಗಿರಬೇಕು. ಕೊಡಗಿನ ಕಾರ್ಯಪ್ಪನವರು 1919ರಲ್ಲಿ ಅಧಿಕಾರಿಯಾದಾಗ ಅವರಿಗೆ 20 ವರ್ಷ. 1926ರಲ್ಲಿ ತಿಮ್ಮಯ್ಯನವರು ಅಧಿಕಾರಿಯಾದಾಗ ಅವರಿಗೆ 19. ಇಬ್ಬರೂ ಮುಂದೆ ಭಾರತೀಯ ಸೇನೆಯನ್ನು ಮುನ್ನಡೆಸುವಷ್ಟು ಎತ್ತರಕ್ಕೇರಲು ಆ ಎಳೆಯ ವಯಸ್ಸಿನ ಆರಂಭವೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಇನ್ನೂ ಚಿಕ್ಕವರಿರುವ ಮನೆಗಳಲ್ಲಿ

ಮಗು ಐದನೇ ತರಗತಿಯಲ್ಲಿದ್ದರೆ ವಯಸ್ಸಿನ ಲೆಕ್ಕ ಆಗಲೇ ಆರಂಭವಾಗುತ್ತದೆ. ವಿಜಯಪುರದಲ್ಲಿ 1963ರಿಂದ ನಡೆಯುತ್ತಿರುವ ಸೈನಿಕ ಶಾಲೆ ಮತ್ತು ಕೊಡಗಿನ ಕೂಡಿಗೆಯ ಸೈನಿಕ ಶಾಲೆಗಳಲ್ಲಿ ಆರನೇ ತರಗತಿಗೆ ಸೇರಲು ಆ ವರ್ಷದ ಮಾರ್ಚ್ 31ಕ್ಕೆ 10ರಿಂದ 12 ವರ್ಷ, ಒಂಬತ್ತನೇ ತರಗತಿಗೆ 13ರಿಂದ 15 ವರ್ಷ ಆಗಿರಬೇಕು. ಡೆಹ್ರಾಡೂನಿನ ರಾಷ್ಟ್ರೀಯ ಭಾರತೀಯ ಮಿಲಿಟರಿ ಕಾಲೇಜಿಗೆ ಎಂಟನೇ ತರಗತಿಯ ಪ್ರವೇಶಕ್ಕೆ 11½ರಿಂದ 13. ಬೆಂಗಳೂರು ಮತ್ತು ಬೆಳಗಾವಿಯ ರಾಷ್ಟ್ರೀಯ ಮಿಲಿಟರಿ ಶಾಲೆಗಳೂ ಇವೆ. ಈ ಶಾಲೆಗಳಲ್ಲಿ ಓದಿದವರಿಗೂ ಎನ್‌ಡಿಎ ವಯೋಮಿತಿ ಅದೇ, ಪರೀಕ್ಷೆಯೂ ಅದೇ. ಅಲ್ಲಿನ ಮಕ್ಕಳಿಗೆ ದಿನಾಂಕಗಳು ಮೊದಲೇ ಬಾಯಿಪಾಠವಾಗಿರುತ್ತವೆ, ಅದೊಂದೇ ವ್ಯತ್ಯಾಸ ಎಷ್ಟೋ ಬಾರಿ ಸಾಕಾಗುತ್ತದೆ. ಬೇರೆ ಶಾಲೆಯ ಮಕ್ಕಳು ಅದೇ ಅನುಕೂಲವನ್ನು ಒಂದು ಹಾಳೆಯಿಂದ ಪಡೆಯಬಹುದು: ಮೇಲೆ ಅಂಕಪಟ್ಟಿಯ ಜನ್ಮದಿನಾಂಕ, ಅದರ ಕೆಳಗೆ 19½, 24, 25, 26 ಮತ್ತು 27 ವರ್ಷ ತುಂಬುವ ದಿನಗಳು, ಪ್ರತಿಯೊಂದರ ಎದುರು ಅದಕ್ಕೆ ಮೊದಲು ಬರುವ ಕೊನೆಯ ತರಬೇತಿಯ ತಿಂಗಳು ಮತ್ತು ಆ ತರಬೇತಿಯ ಪರೀಕ್ಷೆಗೆ ಅರ್ಜಿ ಕರೆಯುವ ತಿಂಗಳು. ಎನ್‌ಡಿಎ ಮತ್ತು ಸಿಡಿಎಸ್‌ನ ಮೊದಲ ಪರೀಕ್ಷೆಗೆ ಸಾಮಾನ್ಯವಾಗಿ ಡಿಸೆಂಬರ್‌ನಲ್ಲಿ, ಎರಡನೆಯದಕ್ಕೆ ಮೇ ತಿಂಗಳಲ್ಲಿ ಪ್ರಕಟಣೆ ಹೊರಡುತ್ತದೆ.

ಈ ಎಲ್ಲ ಮಿತಿಗಳನ್ನೂ ದಾಟಿಬಿಟ್ಟವರು ಆಗಾಗ ನನ್ನಲ್ಲಿಗೆ ಬರುತ್ತಾರೆ. ಅವರಿಗೆ ಪ್ರಾದೇಶಿಕ ಸೇನೆಯ ಪ್ರಕಟಣೆಯನ್ನು ತೋರಿಸುತ್ತೇನೆ. ಬೇರೆ ಉದ್ಯೋಗದಲ್ಲಿದ್ದುಕೊಂಡೇ ವರ್ಷದಲ್ಲಿ ನಿಗದಿತ ಕಾಲ ಸಮವಸ್ತ್ರ ಧರಿಸುವ ಆ ಸೇವೆಗೆ ಪದವೀಧರರು 18ರಿಂದ 42 ವರ್ಷದವರೆಗೆ ಅಧಿಕಾರಿಯಾಗಿ ಸೇರಬಹುದು.